ಡಿಗ್ರಿಗೆ ಸೇರುವ ಮುನ್ನ: ಹೊಸ ಕೋರ್ಸ್ ಆರಿಸುವುದು ಹೇಗೆ, ವಿದ್ಯಾರ್ಥಿವೇತನ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಒಂದೇ ತರಹದ ಪ್ರಶ್ನೆಗಳು ಶುರುವಾಗುತ್ತವೆ. ಹೊಸದಾಗಿ ಬಂದಿರುವ ಅಪ್ರೆಂಟಿಸ್‌ಶಿಪ್ ಡಿಗ್ರಿಗೆ ಸೇರಬಹುದಾ? ನಾಲ್ಕು ವರ್ಷದ ಡಿಗ್ರಿ ಇದೆಯಾ, ಹೋಯಿತಾ? ನಮ್ಮದು 2ಎ, ನಮಗೆ ಯಾವ ಸ್ಕಾಲರ್‌ಶಿಪ್ ಸಿಗುತ್ತದೆ? ಅರ್ಜಿ ಹಾಕಿ ಎಂಟು ತಿಂಗಳಾಯಿತು, ದುಡ್ಡು ಯಾಕೆ ಬಂದಿಲ್ಲ?

ಒಬ್ಬೊಬ್ಬರಿಗೂ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ಇದು ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳಲ್ಲಿ ಓದಲು ಹೊರಟವರಿಗೆ. ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು, ಕಲಬುರಗಿ, ಕುವೆಂಪು, ತುಮಕೂರು, ದಾವಣಗೆರೆ, ರಾಣಿ ಚನ್ನಮ್ಮ, ಹೀಗೆ ಯಾವ ವಿವಿ ಆದರೂ ದಾರಿ ಬಹುಮಟ್ಟಿಗೆ ಒಂದೇ.

ಶುರುವಿನಲ್ಲೇ ಒಂದು ಮಾತು ಹೇಳುತ್ತೇನೆ. "ಮೊದಲು ಕೋರ್ಸ್ ಸೇರೋಣ, ಸ್ಕಾಲರ್‌ಶಿಪ್ ಆಮೇಲೆ ನೋಡಿದರಾಯಿತು" ಅನ್ನುವ ಲೆಕ್ಕ ಬೇಡ. ನೀವು ಸೇರುವ ಸೀಟು ಯಾವ ಕೋಟಾದ್ದು, ಆ ಕೋರ್ಸಿಗೆ ಮಾನ್ಯತೆ ಇದೆಯೇ, ನೀವು ಉಳಿಯುವುದು ಹಾಸ್ಟೆಲ್‌ನಲ್ಲೋ ಮನೆಯಲ್ಲೋ, ಇದೆಲ್ಲದರ ಮೇಲೆ ದುಡ್ಡು ನಿಂತಿರುತ್ತದೆ. ಸೇರಿದ ಮೇಲೆ ಇವನ್ನು ಬದಲಿಸಲು ಆಗುವುದಿಲ್ಲ. ಅರ್ಹತೆ ಇಲ್ಲದೆ ದುಡ್ಡು ತಪ್ಪಿಸಿಕೊಂಡವರಿಗಿಂತ, ಅರ್ಹತೆ ಇದ್ದೂ ಒಂದು ಅಕ್ಷರದ ತಪ್ಪಿಗೆ, ಒಂದು ವಾರದ ತಡಕ್ಕೆ ತಪ್ಪಿಸಿಕೊಂಡವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಆ ಮಕ್ಕಳ ಮುಖ ನೋಡುವಾಗ ನಿಜಕ್ಕೂ ಸಂಕಟವಾಗುತ್ತದೆ. ಹಾಗಾಗಿ ಇದನ್ನು ಫಲಿತಾಂಶಕ್ಕೆ ಮೊದಲೇ ಓದಿಕೊಂಡರೆ ಒಳ್ಳೆಯದು.

ಹಂತ 1: ಈಗ ಯಾವ ನಿಯಮ ನಡೆಯುತ್ತಿದೆ, ತಿಳಿದುಕೊಳ್ಳಿ

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಜಾರಿಗೆ ತಂದಿತು. ಆಗ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. ಆಮೇಲೆ ರಾಜ್ಯ ಸರ್ಕಾರ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿಸಿತು. ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂದು, 2024-25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿಯೇ ಆಯಿತು.

ಅಂದರೆ ಬಿ.ಎ, ಬಿ.ಎಸ್ಸಿ, ಬಿ.ಕಾಂ ಮೂರು ವರ್ಷ, ಆರು ಸೆಮಿಸ್ಟರ್. ಆಮೇಲೆ ಎಂ.ಎ, ಎಂ.ಎಸ್ಸಿ ಎರಡು ವರ್ಷ. ನಿಮ್ಮ ಅಕ್ಕನೋ ಅಣ್ಣನೋ ನಾಲ್ಕು ವರ್ಷದ ಪದ್ಧತಿಯಲ್ಲಿ ಓದಿದ್ದರೆ ಅವರ ಅನುಭವ ನಿಮಗೆ ಹೊಂದುವುದಿಲ್ಲ. ಅವರ ಪಠ್ಯಕ್ರಮ ಬೇರೆ, ನಿಮ್ಮದು ಬೇರೆ. ಹಳೆ ಪುಸ್ತಕ, ಹಳೆ ಪ್ರಶ್ನೆಪತ್ರಿಕೆ ತೆಗೆದುಕೊಳ್ಳುವಾಗಲೂ ಇದು ನೆನಪಿರಲಿ.

ಬಿಬಿಎ, ಬಿಸಿಎ ಬಗ್ಗೆ ಒಂದು ಬದಲಾವಣೆ ಹಲವರಿಗೆ ಗೊತ್ತೇ ಇಲ್ಲ. 2024-25ರಿಂದ ಈ ಎರಡೂ ಕೋರ್ಸ್‌ಗಳು ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಎಐಸಿಟಿಇ ಅಂದರೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮೋದನೆ ಕೊಡುವ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ. ಈ ಬದಲಾವಣೆಯಿಂದ ನಿಮಗೆ ಆಗುವ ಲಾಭವನ್ನು ಹಂತ 5ರಲ್ಲಿ ಹೇಳುತ್ತೇನೆ.

ಹಂತ 2: ಹೊಸ ಕೋರ್ಸ್ ಅಂದಕೂಡಲೇ ಸೇರಬೇಡಿ, ನಾಲ್ಕು ಪ್ರಶ್ನೆ ಕೇಳಿ

ಡೇಟಾ ಸೈನ್ಸ್, ಕೃತಕ ಬುದ್ಧಿಮತ್ತೆ, ಲಾಜಿಸ್ಟಿಕ್ಸ್, ಇ-ಕಾಮರ್ಸ್. ಹೆಸರು ಕೇಳಿದರೆ ಆಸೆಯಾಗುತ್ತದೆ, ಅಲ್ವಾ? ಆಸೆ ತಪ್ಪಲ್ಲ. ಆದರೆ ಕಾಲೇಜಿನ ಆಫೀಸಿಗೆ ಹೋಗಿ ಇಷ್ಟು ಕೇಳಿ.

ಒಂದು, ಈ ವರ್ಷದ ಸಂಯೋಜನೆ ಆದೇಶ ಇದೆಯೇ? ಸಂಯೋಜನೆ ಅಂದರೆ ಈ ಕಾಲೇಜು ಈ ಕೋರ್ಸನ್ನು ಇಷ್ಟು ಸೀಟುಗಳೊಂದಿಗೆ ನಡೆಸಬಹುದು ಎಂದು ವಿವಿ ಕೊಡುವ ಒಪ್ಪಿಗೆ. "ಅರ್ಜಿ ಹಾಕಿದ್ದೇವೆ, ಬರುತ್ತದೆ" ಅಂದರೆ ಬರುವವರೆಗೆ ಕಾಯಿರಿ. ಒಪ್ಪಿಗೆ ಇಲ್ಲದ ಕೋರ್ಸಿಗೆ ಪರೀಕ್ಷೆಯೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ.

ಎರಡು, ಪಾಠ ಮಾಡುವವರು ಯಾರು? ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೇ ಬಹಳಷ್ಟು ಪಾಠ ಮಾಡುತ್ತಾರೆ. ಅವರಲ್ಲಿ ತುಂಬಾ ಒಳ್ಳೆಯ ಮೇಷ್ಟ್ರುಗಳಿದ್ದಾರೆ. ತೊಂದರೆ ಏನೆಂದರೆ ಅವರ ನೇಮಕ ತಡವಾದರೆ ನಿಮ್ಮ ಪಾಠವೂ ತಡ. ಹೊಸ ಕೋರ್ಸಿಗೆ ಕಾಯಂ ಅಧ್ಯಾಪಕರು ಒಬ್ಬರಾದರೂ ಇದ್ದಾರಾ, ಕೇಳಿ ನೋಡಿ.

ಮೂರು, ಕಳೆದ ವರ್ಷ ಎಷ್ಟು ಜನ ಸೇರಿದ್ದರು? ಸಾಕಷ್ಟು ಮಕ್ಕಳು ಸೇರದಿದ್ದರೆ ಆ ವಿಷಯಗಳ ಕಾಂಬಿನೇಶನ್ನನ್ನೇ ಕೈಬಿಡುತ್ತಾರೆ. ಆಗ ನಿಮ್ಮನ್ನು ಬೇರೆ ವಿಷಯಕ್ಕೆ ಬದಲಿಸುತ್ತಾರೆ.

ನಾಲ್ಕು, ಮುಂದೆ ಏನು? ಬಿ.ಎಡ್ ಮಾಡಿ ಮೇಷ್ಟ್ರಾಗಬೇಕು ಅನ್ನುವವರು ತಾವು ಆರಿಸುವ ವಿಷಯಗಳು ಶಾಲೆಯಲ್ಲಿ ಕಲಿಸುವ ವಿಷಯಗಳೇ ಎಂದು ನೋಡಿಕೊಳ್ಳಬೇಕು. ಶಿಕ್ಷಕರ ನೇಮಕಾತಿಯಲ್ಲಿ ಪದವಿಯ ವಿಷಯಗಳನ್ನು ನೋಡುತ್ತಾರೆ. ಎಂ.ಎಸ್ಸಿ ಮಾಡುವ ಆಸೆ ಇದ್ದರೆ, ನಿಮ್ಮ ವಿವಿಯಲ್ಲಿ ಆ ವಿಷಯದ ಸ್ನಾತಕೋತ್ತರ ವಿಭಾಗ ಇದೆಯೇ, ಯಾವ ಪದವಿಯವರನ್ನು ತೆಗೆದುಕೊಳ್ಳುತ್ತಾರೆ ಎಂದು ಈಗಲೇ ಕೇಳಿ.

ಈಗ ಎಲ್ಲರೂ ಕೇಳುವ ಅಪ್ರೆಂಟಿಸ್‌ಶಿಪ್ ಡಿಗ್ರಿಗೆ ಬರೋಣ. ಇದರ ಚಿಕ್ಕ ಹೆಸರು ಎಇಡಿಪಿ. 2024-25ರಿಂದ ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಶುರುವಾಗಿದೆ. ಪದವಿ ಮಾಮೂಲಿ ಪದವಿಯೇ. ಆದರೆ ನಡುವೆ ಕೆಲವು ಸೆಮಿಸ್ಟರ್ ಕಂಪನಿಯಲ್ಲಿ ಕೆಲಸ ಮಾಡುತ್ತಾ ಕಲಿಯಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾರ್ಗಸೂಚಿಯಂತೆ ಮೂರು ವರ್ಷದ ಪದವಿಯಲ್ಲಿ ಇದು ಕನಿಷ್ಠ ಒಂದು, ಗರಿಷ್ಠ ಮೂರು ಸೆಮಿಸ್ಟರ್. ಆ ಅವಧಿಗೆ ತಿಂಗಳಿಗಿಷ್ಟು ಎಂದು ಸ್ಟೈಪೆಂಡ್ ಕೊಡುತ್ತಾರೆ, ಆ ಕೆಲಸಕ್ಕೆ ಪದವಿಯಲ್ಲಿ ಅಂಕವೂ ಇರುತ್ತದೆ.

ಓದುತ್ತಲೇ ದುಡಿಮೆ ಬೇಕಾದ ಮನೆಗಳಿಗೆ ಇದು ನಿಜವಾಗಿಯೂ ಒಳ್ಳೆಯ ದಾರಿ ಎಂದು ನನ್ನ ನಂಬಿಕೆ. ಆದರೂ ಸೇರುವ ಮುನ್ನ ತಾಲೂಕಿನ ಮಕ್ಕಳು ಕೇಳಬೇಕಾದ ಪ್ರಶ್ನೆ ಒಂದಿದೆ: ಅಪ್ರೆಂಟಿಸ್‌ಶಿಪ್ ಎಲ್ಲಿ? ಕಂಪನಿ ಬೆಂಗಳೂರಲ್ಲಿ ಸಿಕ್ಕರೆ ರೂಮಿನ ಬಾಡಿಗೆ, ಊಟ, ಓಡಾಟ ಎಲ್ಲ ಆ ಸ್ಟೈಪೆಂಡ್‌ನಲ್ಲೇ ಆಗಬೇಕು. ಒಂದು ಹಾಳೆಯಲ್ಲಿ ಲೆಕ್ಕ ಬರೆದು ನೋಡಿ. ಅಪ್ಪ ಅಮ್ಮನಿಗೂ ತೋರಿಸಿ.

ಹಂತ 3: ಕಾಗದಪತ್ರ ಸರಿ ಮಾಡಿಕೊಳ್ಳಿ. ಪೂರ್ತಿ ಕಥೆ ಇರುವುದೇ ಇಲ್ಲಿ

ಈ ಹಂತಕ್ಕೆ ಒಂದು ತಿಂಗಳಾದರೂ ಕೊಡಿ. ಸಾಧ್ಯವಾದರೆ ಪಿಯುಸಿ ಪರೀಕ್ಷೆ ಮುಗಿದ ಮರುದಿನವೇ ಶುರು ಮಾಡಿ. ಮೇಜಿನ ಮೇಲೆ ಮೂರು ಕಾಗದ ಪಕ್ಕಪಕ್ಕ ಇಟ್ಟುಕೊಳ್ಳಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ. ಈಗ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ.

ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್" ಅಂತಿದೆ. ಆಧಾರ್‌ನಲ್ಲಿ "ಮಂಜುನಾಥ್ ಹನುಮಂತಪ್ಪ". ಪ್ರಮಾಣಪತ್ರದಲ್ಲಿ "ಎಚ್. ಮಂಜುನಾಥ". ನಮ್ಮ ಕಣ್ಣಿಗೆ ಮೂರೂ ಒಬ್ಬನೇ. ಕಂಪ್ಯೂಟರ್‌ಗೆ ಮೂವರು ಬೇರೆ ಬೇರೆ ಹುಡುಗರು. ಇನಿಶಿಯಲ್ ಹಿಂದೆ ಮುಂದೆ ಆಗಿರುವುದು, ಇಂಗ್ಲಿಷ್‌ನಲ್ಲಿ ಹೆಸರಿನ ಕೊನೆಗೆ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಆಗಿರುವುದು, ಅಪ್ಪನ ಹೆಸರಿನ ಬದಲು ಮನೆತನದ ಹೆಸರು ಬಂದಿರುವುದು, ಅರ್ಜಿ ನಿಲ್ಲುವುದು ಇಂಥ ಕಡೆಯೇ.

ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದುವಾಗ ಹುಷಾರು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಜನ್ಮದಿನಾಂಕ ಒಂದೇ ಸಲ. ಆಧಾರ್ ಕೇಂದ್ರದವರು ಪರದೆಯ ಮೇಲೆ ತೋರಿಸುವ ಹೆಸರನ್ನು ನೀವೇ ಓದಿ, ಸರಿ ಇದ್ದರೆ ಮಾತ್ರ ಒಪ್ಪಿಗೆ ಕೊಡಿ. ಅವಸರದಲ್ಲಿ "ಹ್ಞೂಂ" ಅಂದು ಬಂದವರು ಆಮೇಲೆ ತಿಂಗಳುಗಟ್ಟಲೆ ಅಲೆದಿದ್ದಾರೆ.

ಮೊಬೈಲ್ ನಂಬರ್ ಕೂಡ ನೋಡಿಕೊಳ್ಳಿ. ಆಧಾರ್‌ಗೆ ಜೋಡಿಸಿದ ನಂಬರ್ ಚಾಲ್ತಿಯಲ್ಲಿ ಇರಬೇಕು. ಎಷ್ಟೋ ಮಕ್ಕಳದ್ದು ಮಾವನ ನಂಬರ್ ಆಗಿರುತ್ತದೆ, ಮಾವ ಊರಲ್ಲಿ ಇರುವುದಿಲ್ಲ. ಕೊನೆಯ ದಿನ ಒಟಿಪಿಗಾಗಿ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.

ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಬೇಕು. ಅದರ ಮೇಲೆ ಆರ್‌ಡಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಅದನ್ನೇ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರಬಹುದು. ಪ್ರಮಾಣಪತ್ರ ಅಪ್ಪನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇದ್ದರೆ ಆಗುವುದಿಲ್ಲ, ನಿಮ್ಮ ಹೆಸರಲ್ಲೇ ಇರಬೇಕು. ಆದಾಯ ಎಷ್ಟು ಬರೆದಿದ್ದಾರೆ ಎಂದೂ ಅಲ್ಲೇ ನೋಡಿ, ಅದರ ಮೇಲೆಯೇ ಯಾವ ಯೋಜನೆ ಸಿಗುತ್ತದೆ ಎಂದು ತೀರ್ಮಾನವಾಗುತ್ತದೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರು ಎಂದು ತೋರಿಸುವ ಅರ್ಹತಾ ಪ್ರಮಾಣಪತ್ರವನ್ನೂ ಈಗಲೇ ಮಾಡಿಸಿ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ 70 ಶೇಕಡಾ ಸೀಟು, ರಾಜ್ಯದ ಉಳಿದ ಕಡೆ 8 ಶೇಕಡಾ ಮೀಸಲಿದೆ. ಕಾಗದ ಇಲ್ಲದಿದ್ದರೆ ಹಕ್ಕಿದ್ದೂ ಸೀಟು ಇಲ್ಲ. ಅಂಗವಿಕಲ ವಿದ್ಯಾರ್ಥಿಗಳು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಟ್ಟುಕೊಳ್ಳಬೇಕು.

ಇನ್ನು ಬ್ಯಾಂಕ್ ಖಾತೆ. ಇಲ್ಲಿ ಒಂದು ಗೊಂದಲ ಇದೆ, ನಿಧಾನವಾಗಿ ಓದಿ. "ಆಧಾರ್ ಲಿಂಕ್ ಆಗಿದೆ" ಎಂದು ಬ್ಯಾಂಕಿನವರು ಹೇಳುವುದಕ್ಕೆ ಎರಡು ಅರ್ಥ. ಒಂದು, ಗುರುತಿಗಾಗಿ ಆಧಾರ್ ನಂಬರ್ ತೆಗೆದುಕೊಂಡಿದ್ದಾರೆ. ಇನ್ನೊಂದು, ಸರ್ಕಾರದ ದುಡ್ಡು ಈ ಖಾತೆಗೆ ಬರಲಿ ಎಂದು ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಸೇರಿಸಿದ್ದಾರೆ. ನಮಗೆ ಬೇಕಾದದ್ದು ಎರಡನೆಯದು. ಅದಕ್ಕೆ ಸೀಡಿಂಗ್ ಅನ್ನುತ್ತಾರೆ. ಎಷ್ಟು ಖಾತೆ ಇದ್ದರೂ ಸೀಡಿಂಗ್ ಆಗಿರುವುದು ಒಂದಕ್ಕೆ ಮಾತ್ರ, ಕೊನೆಯಲ್ಲಿ ಯಾವುದಕ್ಕೆ ಮಾಡಿಸಿದಿರೋ ಅದಕ್ಕೆ.

ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿ, ಜೊತೆಗೇ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಅದನ್ನು ಮರೆತುಬಿಟ್ಟವರಿದ್ದಾರೆ. ಸ್ಕಾಲರ್‌ಶಿಪ್ ಅಲ್ಲಿಗೆ ಹೋಗಿ ಕೂತಿರುತ್ತದೆ. ಇವರು ಬೇರೆ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾ ಇರುತ್ತಾರೆ! ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡುವ ಜಾಗ ಇದೆ. ಎರಡು ನಿಮಿಷದ ಕೆಲಸ, ಇವತ್ತೇ ನೋಡಿ. ಶಾಲೆಯಲ್ಲಿ ತೆರೆದ ಮೈನರ್ ಖಾತೆಯಾದರೆ 18 ತುಂಬಿದ ಮೇಲೆ ಬ್ಯಾಂಕಿಗೆ ಹೋಗಿ ಸಾಮಾನ್ಯ ಖಾತೆಯಾಗಿ ಬದಲಿಸಿಕೊಳ್ಳಿ.

ಹಂತ 4: ಯುಯುಸಿಎಂಎಸ್‌ನಲ್ಲಿ ಪ್ರವೇಶದ ಅರ್ಜಿ

ಸರ್ಕಾರಿ ವಿವಿಗಳ ಪದವಿ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲಕ್ಕೂ ಈಗ ಒಂದೇ ಜಾಲತಾಣ. ಅದೇ ಯುಯುಸಿಎಂಎಸ್. ನೋಂದಣಿ ಮಾಡಿ, ಪಿಯುಸಿ ವಿವರ ತುಂಬಿ, ಬೇಕಾದ ಕಾಲೇಜು ಆರಿಸಿ ಅರ್ಜಿ ಹಾಕಬೇಕು. ಅಸಲಿ ಜಾಲತಾಣದ ವಿಳಾಸ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂದು ಮುಗಿಯುತ್ತದೆ.

ಸೈಬರ್ ಸೆಂಟರಿನಲ್ಲಿ ತುಂಬಿಸಿದರೂ ಯೂಸರ್ ಐಡಿ, ಪಾಸ್‌ವರ್ಡ್ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ. ಇಮೇಲ್ ಮತ್ತು ಮೊಬೈಲ್ ನಂಬರ್ ಅಂಗಡಿಯವರದ್ದು ಹಾಕಿಸಬೇಡಿ. ಮೂರು ವರ್ಷವೂ ಪರೀಕ್ಷೆ ಶುಲ್ಕ, ಹಾಲ್ ಟಿಕೆಟ್‌ಗೆ ಇದೇ ಲಾಗಿನ್ ಬೇಕು.

ಇನ್ನೊಂದು ಎಚ್ಚರಿಕೆ. ಸೀಟು ಪಡೆಯುವಾಗ ಅದು ಸರ್ಕಾರಿ ಕೋಟಾದ್ದೋ ಮ್ಯಾನೇಜ್‌ಮೆಂಟ್ ಕೋಟಾದ್ದೋ ಎಂದು ಬಾಯಿಬಿಟ್ಟು ಕೇಳಿ, ರಸೀದಿಯಲ್ಲೂ ನೋಡಿ. ಮ್ಯಾನೇಜ್‌ಮೆಂಟ್ ಸೀಟಾದರೆ ಹಲವು ಯೋಜನೆಗಳಲ್ಲಿ ಶುಲ್ಕ ಮರುಪಾವತಿ ಇಲ್ಲ. ಹೆಣ್ಣುಮಕ್ಕಳಿಗೆ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ಆದರೆ ಪರೀಕ್ಷೆ ಮತ್ತಿತರ ಶುಲ್ಕ ಇದ್ದೇ ಇರುತ್ತದೆ, ಅದಕ್ಕೆ ದುಡ್ಡು ಹೊಂದಿಸಿಟ್ಟುಕೊಳ್ಳಿ.

ಎಂಬಿಎ, ಎಂಸಿಎ ಆದರೆ ದಾರಿ ಬೇರೆ. ಅದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಹಂತ 5: ನಿಮಗೆ ಸಲ್ಲುವ ದುಡ್ಡು ಯಾವುದು?

ಎಲ್ಲರಿಗೂ ಎಲ್ಲವೂ ಇಲ್ಲ. ನಿಮ್ಮ ಮನೆಯ ಸ್ಥಿತಿ ಯಾವುದಕ್ಕೆ ಹೊಂದುತ್ತದೆ ಎಂದು ನೋಡಿಕೊಂಡು ಓದಿ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮೊದಲನೆಯದು. ಕೇಂದ್ರದ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಪರಿಶಿಷ್ಟ ಜಾತಿಯ ಯೋಜನೆಯಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಎರಡು ಪಾಲು ಬೇರೆ ಬೇರೆ ಹೊತ್ತಿಗೆ ಬರುತ್ತವೆ, ಒಂದು ಬಂದು ಇನ್ನೊಂದು ಬಾರದಿದ್ದರೆ ಗಾಬರಿ ಬೇಡ. ಖಾತೆಗೆ ಬಂದ ದುಡ್ಡಿನಲ್ಲಿ ಕಾಲೇಜಿನ ಶುಲ್ಕವೂ ಸೇರಿರಬಹುದು. ಖರ್ಚು ಮಾಡುವ ಮುನ್ನ ಕಾಲೇಜಿನಲ್ಲಿ ಕೇಳಿ.

ಒಂದು ನಿಯಮ ಬಹಳ ಜನರಿಗೆ ತಡವಾಗಿ ಗೊತ್ತಾಗುತ್ತದೆ. ಬಿ.ಎ ಮುಗಿಸಿ ಮತ್ತೆ ಬಿ.ಕಾಂ ಸೇರಿದರೆ, ಅಂದರೆ ಅದೇ ಮಟ್ಟದ ಇನ್ನೊಂದು ಕೋರ್ಸಿಗೆ, ಈ ವೇತನ ಸಿಗುವುದಿಲ್ಲ.

ಹಿಂದುಳಿದ ವರ್ಗದವರಿಗೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಇದೆ. ಪ್ರವರ್ಗ 1ಕ್ಕೂ 2ಎ, 3ಎ, 3ಬಿಗೂ ಆದಾಯದ ಮಿತಿ ಬೇರೆ ಬೇರೆ. ಆ ವರ್ಷದ ಪ್ರಕಟಣೆ ನೋಡಿಯೇ ಹೋಗಿ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆ. 2013-14ರಲ್ಲಿ ಶುರುವಾದಾಗ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಸರ್ಕಾರಿ ಹಾಸ್ಟೆಲ್‌ಗೆ ರಾಜ್ಯ ವಿದ್ಯಾರ್ಥಿನಿಲಯ ಪೋರ್ಟಲ್‌ನಲ್ಲಿ ಪ್ರತ್ಯೇಕ ಅರ್ಜಿ. ಹಾಸ್ಟೆಲ್ ಸಿಕ್ಕರೆ ವಿದ್ಯಾಸಿರಿ ಇಲ್ಲ. ಎರಡರಲ್ಲಿ ಯಾವುದು ಅಂತ ಕೇಳಿದರೆ ನಾನು ಹಾಸ್ಟೆಲ್ ಅನ್ನುತ್ತೇನೆ. ಮೂರು ಹೊತ್ತು ಊಟ, ಓದಲು ಜೊತೆಗಾರರು ಸಿಗುತ್ತಾರೆ. ಆ ದುಡ್ಡಿನಲ್ಲಿ ಪೇಟೆಯಲ್ಲಿ ರೂಮು ಮಾಡಿ ಅಷ್ಟು ಸಿಗುವುದು ಕಷ್ಟ.

ರೈತರ ಮಕ್ಕಳಿಗೆ 2021ರಲ್ಲಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಬಂತು. ಯೋಜನೆಯ ಆದೇಶದಲ್ಲಿ ಬಿ.ಎ, ಬಿ.ಎಸ್ಸಿ, ಬಿ.ಕಾಂ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ. ಸ್ನಾತಕೋತ್ತರ ಮತ್ತು ಎಂಜಿನಿಯರಿಂಗ್‌ಗೆ 10,000 ಮತ್ತು 11,000. ಇದಕ್ಕೆ ಜಾತಿ ಅಡ್ಡ ಬರುವುದಿಲ್ಲ. ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಎಫ್‌ಐಡಿ ಇರಬೇಕು. ಎಫ್‌ಐಡಿ ಅಂದರೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಬಹುದು.

ತೊಡಕು ಬರುವುದು ಪಹಣಿಯಲ್ಲಿ. ಹೊಲ ಉಳುವುದು ಅಪ್ಪ, ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ! ಇಂಥ ಮನೆಗಳು ಹಳ್ಳಿ ಹಳ್ಳಿಯಲ್ಲೂ ಇವೆ. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಿ, ಆಮೇಲೆ ಎಫ್‌ಐಡಿಗೆ ಹೋಗಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೇ ಪಿಯುಸಿಯಲ್ಲಿದ್ದಾಗಲೇ ಮನೆಯಲ್ಲಿ ಮಾತು ತೆಗೆಯಿರಿ.

ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಹೋಗುತ್ತಾರಾ? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇದ್ದರೆ ಮಕ್ಕಳ ಓದಿಗೆ ಸಹಾಯಧನ ಇದೆ. ಕಾರ್ಡ್ ನವೀಕರಣ ಆಗಿದೆಯಾ ನೋಡಿ.

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳು ಇದನ್ನು ಎರಡು ಸಲ ಓದಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ಜೊತೆ ಸೇರಿ ದೀಪಿಕಾ ಎಂಬ ಹೆಸರಲ್ಲಿ 2025ರಲ್ಲಿ ಶುರುವಾಯಿತು. 10 ಮತ್ತು 12ನೇ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿ, ಈಗ ಪದವಿ ಅಥವಾ ಡಿಪ್ಲೊಮಾ ಮೊದಲ ವರ್ಷದಲ್ಲಿ ಇರಬೇಕು. ಎರಡನೇ ವರ್ಷಕ್ಕೆ ಬಂದ ಮೇಲೆ ಹೊಸದಾಗಿ ಅರ್ಜಿ ಹಾಕಲು ಆಗುವುದಿಲ್ಲ. ಮೊದಲ ವರ್ಷ ತಪ್ಪಿದರೆ ತಪ್ಪಿದಂತೆಯೇ.

ಬಿಸಿಎ, ಬಿಬಿಎ ಸೇರುವ ಹುಡುಗಿಯರಿಗೆ ಎಐಸಿಟಿಇಯ ಸರಸ್ವತಿ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 25,000 ರೂಪಾಯಿ. ಎಂಜಿನಿಯರಿಂಗ್, ಡಿಪ್ಲೊಮಾ ಹುಡುಗಿಯರಿಗೆ ಪ್ರಗತಿ, ವರ್ಷಕ್ಕೆ 50,000. ಎರಡಕ್ಕೂ ಕಾಲೇಜಿಗೆ ಎಐಸಿಟಿಇ ಅನುಮೋದನೆ ಇರಲೇಬೇಕು. ಕೋರ್ಸ್ ಆರಿಸುವಾಗಲೇ ದುಡ್ಡಿನ ಬಗ್ಗೆ ಯೋಚಿಸಿ ಎಂದಿದ್ದು ಇದಕ್ಕೇ. ಹತ್ತಿರದಲ್ಲೇ ಇರುವ ಎರಡು ಕಾಲೇಜುಗಳಲ್ಲಿ ಒಂದಕ್ಕೆ ಅನುಮೋದನೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಮೂರು ವರ್ಷಕ್ಕೆ 75,000 ರೂಪಾಯಿ ವ್ಯತ್ಯಾಸ.

ಇವಲ್ಲದೆ ಕಾಲೇಜು ಶಿಕ್ಷಣ ಇಲಾಖೆಯ ಸಂಚಿ ಹೊನ್ನಮ್ಮ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ, ಸರ್ ಸಿ.ವಿ. ರಾಮನ್ ವಿದ್ಯಾರ್ಥಿವೇತನ ವಿಜ್ಞಾನ ಓದುವವರಿಗೆ. ಮೊತ್ತ ಚಿಕ್ಕದು ಎಂದು ಬಿಡಬೇಡಿ. ಒಂದು ಸೆಮಿಸ್ಟರಿನ ಪುಸ್ತಕದ ಖರ್ಚಿಗಾದರೂ ಆಗುತ್ತದೆ.

ಹಂತ 6: ಎಸ್‌ಎಸ್‌ಪಿ ಅರ್ಜಿ ತುಂಬುವುದು

ರಾಜ್ಯದ ಬಹುತೇಕ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವೇ ಬಾಗಿಲು.

ಆಧಾರ್ ಹಾಕಿ ಖಾತೆ ತೆರೆಯಿರಿ. ಒಂದು ಎಸ್‌ಎಸ್‌ಪಿ ಐಡಿ ಬರುತ್ತದೆ. ಪಿಯುಸಿಯಲ್ಲೇ ಐಡಿ ಇದ್ದವರು ಅದನ್ನೇ ಬಳಸಿ, ಇನ್ನೊಂದು ಮಾಡಬೇಡಿ. ಆಮೇಲೆ ಆರ್‌ಡಿ ಸಂಖ್ಯೆ, ವಿವಿ, ಕಾಲೇಜು, ಕೋರ್ಸ್, ನೋಂದಣಿ ಸಂಖ್ಯೆ, ಸೀಟಿನ ಬಗೆ, ಹಾಸ್ಟೆಲ್ ವಿವರ ತುಂಬಿ. ಹೊಸ ಕೋರ್ಸಿನವರು ಇಲ್ಲಿ ನಿಲ್ಲುತ್ತಾರೆ. ಪಟ್ಟಿಯಲ್ಲಿ ನಿಮ್ಮ ಕೋರ್ಸಿನ ಹೆಸರು ಕಾಣದಿದ್ದರೆ ಹತ್ತಿರದ ಹೆಸರನ್ನು ಸುಮ್ನೆ ಒತ್ತಿಬಿಡಬೇಡಿ. ಆಮೇಲೆ ಕಾಲೇಜಿನ ದಾಖಲೆಗೆ ಅದು ಹೊಂದುವುದಿಲ್ಲ, ಅರ್ಜಿ ತಿರಸ್ಕಾರವಾಗುತ್ತದೆ. ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗಕ್ಕೆ ಹೋಗಿ ಕೋರ್ಸ್ ಸೇರಿಸಲು ಹೇಳಿ, ಸೇರಿದ ಮೇಲೆ ತುಂಬಿ.

ಕೆಲವು ದಾಖಲೆಗಳಿಗೆ ಇ-ದೃಢೀಕರಣ ಬೇಕು. ಹಿಂದೆ ಜೆರಾಕ್ಸ್ ಮೇಲೆ ಅಧಿಕಾರಿ ಸಹಿ ಹಾಕಿ ಸೀಲು ಒತ್ತುತ್ತಿದ್ದರಲ್ಲ, ಅದರ ಕಂಪ್ಯೂಟರ್ ರೂಪ ಇದು. ಕಾಲೇಜಿನಲ್ಲಿ ಇದಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ಅವರು ಮೂಲ ದಾಖಲೆ ನೋಡಿ ಸ್ಕ್ಯಾನ್ ಮಾಡಿ ಒಂದು ಸಂಖ್ಯೆ ಕೊಡುತ್ತಾರೆ. ಕೊನೆಯ ವಾರ ಅವರ ಬಾಗಿಲಲ್ಲಿ ಸಾಲು ನಿಂತಿರುತ್ತದೆ, ಮೊದಲ ವಾರ ಯಾರೂ ಇರುವುದಿಲ್ಲ. ಯಾವಾಗ ಹೋಗಬೇಕು ಎಂದು ಬೇರೆ ಹೇಳಬೇಕಿಲ್ಲ.

ಸಲ್ಲಿಸಿದ ಮೇಲೆ ಸ್ವೀಕೃತಿ ಪತ್ರ ತೆಗೆದು ಒಂದು ಪ್ರತಿ ಕಾಲೇಜಿಗೆ ಕೊಡಿ, ಒಂದು ಮನೆಯಲ್ಲಿಡಿ. ಕರಡಾಗಿ ಉಳಿಸಿ "ಅರ್ಜಿ ಹಾಕಿದೆ" ಅಂದುಕೊಂಡವರು ಎಷ್ಟೋ ಜನ. ಸ್ವೀಕೃತಿ ಪತ್ರ ಕೈಯಲ್ಲಿಲ್ಲ ಅಂದರೆ ಅರ್ಜಿ ಹೋಗಿಲ್ಲ.

ಹಂತ 7: ಎನ್‌ಎಸ್‌ಪಿ, ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಕೇಂದ್ರದ ಬಾಗಿಲು

ಪಿಯುಸಿಯಲ್ಲಿ ಚೆನ್ನಾಗಿ ಅಂಕ ಬಂದವರು ಇದನ್ನು ಬಿಡಬಾರದು. ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಜಾತಿಯ ಮಿತಿ ಇಲ್ಲ. ನಿಮ್ಮ ಮಂಡಳಿಯಲ್ಲಿ, ನಿಮ್ಮ ವಿಭಾಗದಲ್ಲಿ ಮೇಲಿನ 20 ಪರ್ಸೆಂಟೈಲ್ ಒಳಗಿರಬೇಕು, ಅಂದರೆ ನೂರು ಜನರನ್ನು ಅಂಕದಂತೆ ಸಾಲಾಗಿ ನಿಲ್ಲಿಸಿದರೆ ಮೊದಲ ಇಪ್ಪತ್ತರಲ್ಲಿ. ಕುಟುಂಬದ ಆದಾಯ 4.5 ಲಕ್ಷ ಮೀರಬಾರದು. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ, ಅರ್ಧ ಹೆಣ್ಣುಮಕ್ಕಳಿಗೆ.

ಮೊದಲು ಒಟಿಆರ್ ಮಾಡಬೇಕು, ಅಂದರೆ ಒಮ್ಮೆ ಮಾತ್ರದ ನೋಂದಣಿ. ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ ಗುರುತು ದೃಢಪಡಿಸಿದರೆ 14 ಅಂಕಿಯ ಸಂಖ್ಯೆ ಬರುತ್ತದೆ. ಇದು ಬೆಳಕಿನಲ್ಲಿ ಮಾಡುವ ಕೆಲಸ, ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಹತ್ತು ಸಲ ವಿಫಲವಾಗುತ್ತದೆ.

ಕೇಂದ್ರ ವಲಯದ ಈ ವೇತನ ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಎರಡೂ ಕಡೆ ಅರ್ಹರಾಗಿದ್ದರೆ ಕಾಗದದ ಮೇಲೆ ಲೆಕ್ಕ ಹಾಕಿ, ಯಾವುದು ಜಾಸ್ತಿಯೋ ಅದನ್ನು ಹಿಡಿಯಿರಿ. ಅರ್ಜಿ ಹಾಕಿ ಸುಮ್ಮನಿದ್ದರೆ ಆಗದು, ಕಾಲೇಜಿನವರು ಅವರ ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದೆ ಕಳಿಸಬೇಕು. ಅದಕ್ಕೆ ಬೇರೆ ಕೊನೆಯ ದಿನ ಇರುತ್ತದೆ. ಹೋಗಿ ನೆನಪಿಸಿ. ಕೇಳಲು ಸಂಕೋಚ ಬೇಡ.

ಸಾಲ ಬೇಕಾದವರಿಗೆ ಎರಡು ಮಾತು. ಸಿಇಟಿ ಮೂಲಕ ವೃತ್ತಿಪರ ಕೋರ್ಸ್ ಸೇರಿದ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಆಯಾ ನಿಗಮಗಳ ಅರಿವು ಸಾಲ ಇದೆ, ಬಡ್ಡಿ 2 ಶೇಕಡಾ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನು, ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದವರೆಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3 ಶೇಕಡಾ ಬಡ್ಡಿ ರಿಯಾಯಿತಿಯೂ ಇದೆ. ಆದರೆ ಇದು ರ‍್ಯಾಂಕಿಂಗ್ ಪಟ್ಟಿಯಲ್ಲಿರುವ ಆಯ್ದ ಸಂಸ್ಥೆಗಳಿಗೆ ಮಾತ್ರ. ನಿಮ್ಮ ವಿವಿಯ ಹೆಸರು ಅದರಲ್ಲಿದೆಯೇ ನೋಡಿಕೊಂಡೇ ಬ್ಯಾಂಕಿಗೆ ಹೋಗಿ.

ಹಂತ 8: ದುಡ್ಡು ಬರಲಿಲ್ಲ, ಈಗ ಏನು?

ಮೊದಲು ಎಸ್‌ಎಸ್‌ಪಿಯಲ್ಲಿ ಅರ್ಜಿಯ ಸ್ಥಿತಿ ನೋಡಿ. ಅಲ್ಲಿ ಏನು ಬರೆದಿದೆಯೋ ಅದರ ಮೇಲೆ ಯಾರ ಹತ್ತಿರ ಹೋಗಬೇಕು ಎಂದು ಗೊತ್ತಾಗುತ್ತದೆ. ಕಾಲೇಜಿನ ಮಟ್ಟದಲ್ಲಿ ಬಾಕಿ ಇದ್ದರೆ ಕಾಲೇಜಿಗೆ. ಇಲಾಖೆಯ ಮಟ್ಟದಲ್ಲಿದ್ದರೆ ತಾಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಕಚೇರಿಗೆ. ದುಡ್ಡು ಕಳಿಸಿ ವಾಪಸಾಗಿದ್ದರೆ ಬ್ಯಾಂಕಿಗೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಖಾತೆಗೆ, ಯಾವ ದಿನ ದುಡ್ಡು ಹೋಗಿದೆ ಎಂದು ಕಾಣುತ್ತದೆ.

ಹೋಗುವಾಗ ಸ್ವೀಕೃತಿ ಪತ್ರ, ಆಧಾರ್, ಪಾಸ್‌ಬುಕ್, ಅರ್ಜಿಸ್ಥಿತಿಯ ಪ್ರಿಂಟ್ ಒಯ್ಯಿರಿ. ಬಾಯಲ್ಲಿ ಹೇಳಿ ಬರುವ ಬದಲು ಒಂದು ಪುಟದ ಮನವಿ ಬರೆದು ಕೊಟ್ಟು, ಪ್ರತಿಯ ಮೇಲೆ ಸಹಿ, ದಿನಾಂಕ ಹಾಕಿಸಿಕೊಳ್ಳಿ. "ದುಡ್ಡು ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ" ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಫೋನ್‌ನಲ್ಲಿ ಯಾರೇ ಒಟಿಪಿ ಕೇಳಿದರೂ ಹೇಳಬೇಡಿ.

ಎರಡನೇ ವರ್ಷಕ್ಕೆ ನವೀಕರಣ ತಾನಾಗಿ ಆಗುವುದಿಲ್ಲ. ಪ್ರತಿ ವರ್ಷವೂ ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡರಲ್ಲೂ ಮತ್ತೆ ಅರ್ಜಿ ಹಾಕಬೇಕು. ಕೇಂದ್ರ ವಲಯದ ವೇತನ ಉಳಿಸಿಕೊಳ್ಳಲು 50 ಶೇಕಡಾ ಅಂಕ, 75 ಶೇಕಡಾ ಹಾಜರಾತಿ ಬೇಕು. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದೆ, ಮುಂದಕ್ಕೂ ಓದದೆ ಇದ್ದರೆ ಯುವನಿಧಿಗೆ ಅರ್ಜಿ ಹಾಕಬಹುದು, ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ. ಎಂ.ಎ, ಎಂ.ಎಸ್ಸಿ ಸೇರಿದರೆ ಅದು ಇಲ್ಲ. ಅವರು ಮತ್ತೆ ಹಂತ 3ರಿಂದ ಶುರು ಮಾಡಬೇಕು, ಆದಾಯ ಪ್ರಮಾಣಪತ್ರದ ದಿನಾಂಕ ನೋಡುವುದರಿಂದ.